ಟೆಲಿಫೋಟೋ ಝೂಮ್ ಕೊಳ್ಳುವ ಮುನ್ನ

ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಕ್ಯಾಂಟೀನಿನಲ್ಲಿ ಕಟಿಂಗ್ ಚಹಾ ಕುಡಿಯುತ್ತಿದ್ದಾಗ ಪ್ರಥಮ ವರ್ಷದ ಹುಡುಗನೊಬ್ಬ ಬಳಿಗೆ ಬಂದು ಕೇಳಿದ: "ಅಣ್ಣಾ, ಟ್ಯೂಷನ್ ಹೇಳಿ ಒಂದಿಷ್ಟು ದುಡ್ಡು ಕೂಡಿಸಿದ್ದೇನೆ. ಸೋದರಮಾವ ಕೊಟ್ಟ ಕೆನಾನ್ ಕ್ಯಾಮರಾ ಇದೆ. ಠಾಣೆ ಖಾಡಿಯ ಫ್ಲೆಮಿಂಗೋ ಫೋಟೋ ತೆಗೀಬೇಕು ಅಂತ ಆಸೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಎರಡು ಲೆನ್ಸ್ ನೋಡಿ ಬಂದಿದ್ದೇನೆ. ಒಂದು 300ರ ತನಕ ಹೋಗ್ತದೆ, ಇನ್ನೊಂದು 250ರ ತನಕ. ಬೆಲೆ ಹೆಚ್ಚುಕಡಿಮೆ ಒಂದೇ. 300ರದ್ದೇ ಒಳ್ಳೇದಲ್ವಾ?"

"ಅವಸರ ಬೇಡ ಮಾರಾಯ, ಬರೆದು ಕೊಡ್ತೇನೆ" ಅಂದೆ. ಯಾಕೆಂದರೆ ಅವನ ವಯಸ್ಸಿನಲ್ಲಿ ನಾನೂ ಇದೇ ಪ್ರಶ್ನೆಗೆ ತಪ್ಪು ಉತ್ತರ ಕಂಡುಕೊಂಡವನು. ಆ ಕಥೆ ಮುಂದೆ ಬರುತ್ತದೆ. ಮೊದಲು ಪಾಠ.

1. ಲೆನ್ಸಿನ ಮೇಲಿನ ಅಂಕಿಗಳು

ಲೆನ್ಸಿನ ಮೈಮೇಲೆ 55-250 ಎಂದೋ 75-300 ಎಂದೋ ಬರೆದಿರುತ್ತದೆ. ಇದು ಮಿಲಿಮೀಟರುಗಳಲ್ಲಿ ಹೇಳಿದ ಫೋಕಲ್ ಲೆಂಗ್ತ್. ಶಾಲೆಯ ಭೌತಶಾಸ್ತ್ರದಲ್ಲಿ ಪೀನ ಮಸೂರದ 'ಸಂಗಮದೂರ' ಎಂದು ಓದಿದ್ದೇವಲ್ಲ, ಅದೇ. ಒಂದೇ ಸಂಗಮದೂರ ಇರುವುದು ಸಾದಾ ಲೆನ್ಸ್. ಒಳಗಿನ ಗಾಜುಗಳು ಹಿಂದೆ ಮುಂದೆ ಸರಿದು ಸಂಗಮದೂರವೇ ಬದಲಾಗುವಂಥದ್ದು ಝೂಮ್. 35 ಮಿ.ಮೀ. ಸ್ಥಿರಚಿತ್ರದ ಕ್ಯಾಮರಾಕ್ಕೆ ಮೊದಲ ಝೂಮ್ ಬಂದದ್ದು 1959ರಲ್ಲಿ, ಫೋಕ್ಟ್‌ಲೆಂಡರ್ ಕಂಪನಿಯ 'ಝೂಮಾರ್'. ಅದರ ವ್ಯಾಪ್ತಿ 36ರಿಂದ 82 ಮಾತ್ರ.

ಈ ಅಂಕಿ ಎಷ್ಟು ದೂರ 'ಕಾಣಿಸುತ್ತದೆ' ಎಂಬುದರ ಅಳತೆಯಲ್ಲ. ದೂರದ ವಸ್ತು ಕ್ಯಾಮರಾದೊಳಗಿನ ಸೆನ್ಸರಿನ ಮೇಲೆ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದನ್ನು ತಿಳಿಸುವ ಅಂಕಿ. ಲೆಕ್ಕ ಸುಲಭ:

ಚಿತ್ರದ ಎತ್ತರ = ಸಂಗಮದೂರ × ವಸ್ತುವಿನ ಎತ್ತರ ÷ ವಸ್ತು ಇರುವ ದೂರ

ನಮ್ಮ ಹುಡುಗನ ಫ್ಲೆಮಿಂಗೋ ಒಂದು ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. 50 ಮೀಟರ್ ದೂರದ ಕೆಸರಿನಲ್ಲಿ ನಿಂತಿದೆ. 55 ಮಿ.ಮೀ. ಲೆನ್ಸಿನಲ್ಲಿ ಅದರ ಚಿತ್ರ ಸೆನ್ಸರಿನ ಮೇಲೆ 1.1 ಮಿ.ಮೀ. 250ರಲ್ಲಿ 5 ಮಿ.ಮೀ. 300ರಲ್ಲಿ 6 ಮಿ.ಮೀ. ಅವನಂಥವರ ಕ್ಯಾಮರಾಗಳಲ್ಲಿ, ಅಂದರೆ ಎಪಿಎಸ್-ಸಿ ಅಳತೆಯವುಗಳಲ್ಲಿ, ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ. ಆದ್ದರಿಂದ 250ರಲ್ಲಿ ಹಕ್ಕಿ ಚೌಕಟ್ಟಿನ ಮೂರನೇ ಒಂದು ಪಾಲು ತುಂಬುತ್ತದೆ. 300ರಲ್ಲಿ ಅದಕ್ಕಿಂತ ತುಸು ಹೆಚ್ಚು, ಅಷ್ಟೇ.

55ರಿಂದ 250ಕ್ಕೆ ಹಾರಿದರೆ ಚಿತ್ರ ನಾಲ್ಕೂವರೆ ಪಟ್ಟು ದೊಡ್ಡದಾಗುತ್ತದೆ. ಅದು ನಿಜವಾದ ಲಾಭ. 250ರಿಂದ 300ಕ್ಕೆ ಸಿಗುವುದು ಐದರಲ್ಲಿ ಒಂದು ಪಾಲು. ಹಕ್ಕಿ 50 ಮೀಟರಿನಿಂದ 42 ಮೀಟರಿಗೆ ಬಂದರೆ 250ರಲ್ಲೇ ಅಷ್ಟು ಸಿಕ್ಕಿತು. ಕೆಸರಿನಲ್ಲಿ ನಾವು ಎಂಟು ಮೀಟರ್ ಮುಂದೆ ಹೋಗಲಾರೆವು, ನಿಜ. ಆದರೆ ಭರತ ಏರುತ್ತಿದ್ದ ಹಾಗೆ ನೀರು ಕೆಸರನ್ನು ಮುಚ್ಚುತ್ತದೆ, ಹಕ್ಕಿಗಳೇ ದಡದ ಕಡೆ ಸರಿಯುತ್ತವೆ. ಭರತ-ಇಳಿತದ ಪಟ್ಟಿ ನೋಡಿ ಹೊರಡುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ!

2. ಬೆಳಕು

ಎರಡನೆಯ ಅಂಕಿ 'ಎಫ್' ಎಂಬುದು. ಸಂಗಮದೂರವನ್ನು ಬೆಳಕು ಹೋಗುವ ಬಾಯಿಯ ಅಗಲದಿಂದ ಭಾಗಿಸಿದರೆ ಬರುವುದೇ ಎಫ್. ಆದುದರಿಂದ ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಬೆಳಕು ಹೆಚ್ಚು. 300 ಮಿ.ಮೀ. ಲೆನ್ಸು ಎಫ್ 5.6 ಆಗಬೇಕಾದರೆ ಬಾಯಿ ಸುಮಾರು 54 ಮಿ.ಮೀ. ಇದ್ದರೆ ಸಾಕು. ಎಫ್ 2.8 ಆಗಬೇಕಾದರೆ 107 ಮಿ.ಮೀ. ಬೇಕು. ಅಷ್ಟು ದೊಡ್ಡ ಗಾಜನ್ನು ತಪ್ಪಿಲ್ಲದೆ ಉಜ್ಜಿ ತಯಾರಿಸುವುದು ಸುಲಭವಲ್ಲ. ಪತ್ರಿಕೆಯವರ ಕೈಯಲ್ಲಿ ಕಾಣುವ ಭಾರೀ ಲೆನ್ಸುಗಳ ಬೆಲೆ ಲಕ್ಷಗಳಲ್ಲಿರುವುದು ಇದರಿಂದಲೇ. ನಮ್ಮ ಕೈಗೆಟಕುವ ಝೂಮ್‌ಗಳೆಲ್ಲ ಹೆಚ್ಚಾಗಿ ಎಫ್ 4-5.6 ಅಥವಾ 4.5-6.3. ಉದ್ದಕ್ಕೆ ಎಳೆದಾಗ ಬೆಳಕು ಇನ್ನೂ ಕಡಿಮೆಯಾಗುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗಬೇಕು.

ಈಗ ನನ್ನ ಕಥೆ. ಕಾಲೇಜಿನ ಎರಡನೇ ವರ್ಷದಲ್ಲಿ, ಹೋಟೆಲಿನ ಲೆಕ್ಕ ಬರೆದು ಕೂಡಿಸಿದ ದುಡ್ಡಿನಲ್ಲಿ, ಅಂಗಡಿಯವರು ತೋರಿಸಿದ್ದರಲ್ಲಿ ಅತಿ ದೊಡ್ಡ ಅಂಕಿಯ ಲೆನ್ಸನ್ನೇ ಕೊಂಡೆ. ಅದೇ ವಾರ ಊರಿನ ಮೇಳ ಮುಂಬಯಿಗೆ ಬಂದಿತ್ತು. ನಮ್ಮ ದೊಡ್ಡಪ್ಪನದು ಭೀಮನ ವೇಷ. ಸಭಾಗೃಹದ ಹಿಂದಿನ ಸಾಲಿನಲ್ಲಿ ಕೂತು, ಲೆನ್ಸು ಪೂರ್ತಿ ಎಳೆದು, ಇನ್ನೂರು ಚಿತ್ರ ತೆಗೆದೆ. ರಂಗದ ಬೆಳಕಿಗೆ ಷಟರ್ ಸೆಕೆಂಡಿನ ಮೂವತ್ತನೇ ಒಂದು ಪಾಲು ತೆರೆದಿರಬೇಕಾಗಿತ್ತು. ಮನೆಗೆ ಬಂದು ನೋಡಿದರೆ ವೇಷ ಎಲ್ಲಿ? ಬಣ್ಣದ ಗೆರೆಗಳು ಮಾತ್ರ. ದೊಡ್ಡಪ್ಪ ಆ ವರ್ಷವೇ ಮಂಡಿ ನೋವೆಂದು ಗೆಜ್ಜೆ ಬಿಚ್ಚಿದರು, ಮತ್ತೆ ಕಟ್ಟಲಿಲ್ಲ. ಅವರ ವೇಷದ ಒಂದೇ ಒಂದು ಸ್ಪಷ್ಟ ಚಿತ್ರ ನಮ್ಮ ಮನೆಯಲ್ಲಿಲ್ಲ.

ಲೆಕ್ಕ ಗೊತ್ತಿದ್ದರೆ ಹೀಗಾಗುತ್ತಿರಲಿಲ್ಲ. ರಂಗಕ್ಕೆ ಉದ್ದದ ಲೆನ್ಸೇ ಬೇಕಾಗಿರಲಿಲ್ಲ. ಕಿರೀಟ ಸೇರಿ ಎರಡು ಮೀಟರ್ ಎತ್ತರದ ವೇಷವನ್ನು ಏಳು ಮೀಟರ್ ದೂರದಿಂದ 50 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಚಿತ್ರ 14 ಮಿ.ಮೀ., ಚೌಕಟ್ಟು ತುಂಬಿತು. ಆ ಸಾದಾ 50ರ ಲೆನ್ಸು ಎಫ್ 1.8. ಅದು ಎಫ್ 5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಬಿಡುತ್ತದೆ. ಮೂವತ್ತನೇ ಒಂದು ಪಾಲಿನ ಬದಲು ಮುನ್ನೂರನೇ ಒಂದು ಪಾಲು ಸಾಕಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಜಾಗ ಕೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ರಂಗದ ಚಿತ್ರವೇ ನಿಮ್ಮ ಮುಖ್ಯ ಆಸೆಯಾದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, 50ರ ಲೆನ್ಸು ಕೊಳ್ಳಿ.

3. ಕೈನಡುಕ

ಲೆನ್ಸು ಹಕ್ಕಿಯನ್ನು ದೊಡ್ಡದು ಮಾಡಿದಷ್ಟೇ ನಮ್ಮ ಕೈನಡುಕವನ್ನೂ ದೊಡ್ಡದು ಮಾಡುತ್ತದೆ. ಹಳಬರ ಒಂದು ಸೂತ್ರವಿದೆ: ಸಂಗಮದೂರ ಎಷ್ಟೋ, ಷಟರ್ ಸೆಕೆಂಡಿನ ಅಷ್ಟನೇ ಒಂದು ಪಾಲಿಗಿಂತ ನಿಧಾನವಾಗಬಾರದು. ಎಪಿಎಸ್-ಸಿ ಕ್ಯಾಮರಾದಲ್ಲಿ ಸಂಗಮದೂರವನ್ನು ಕೆನಾನ್ ಆದರೆ 1.6ರಿಂದ, ನಿಕಾನ್, ಸೋನಿ ಆದರೆ 1.5ರಿಂದ ಗುಣಿಸಿಕೊಳ್ಳಬೇಕು. ಅಂದರೆ ಕೆನಾನಿನಲ್ಲಿ 250ಕ್ಕೆ 1/400, 300ಕ್ಕೆ ಸುಮಾರು 1/500. ಬೆಳಗಿನ ಏಳು ಗಂಟೆಗೆ, ಮೋಡವಿದ್ದಾಗ, ಎಫ್ 5.6ರಲ್ಲಿ ಇಷ್ಟು ವೇಗ ಸಿಗುವುದು ಕಷ್ಟ.

ಇಲ್ಲಿ ನೆರವಿಗೆ ಬರುವುದು ನಡುಕ ತಡೆಯುವ ವ್ಯವಸ್ಥೆ. ಕೈ ಅಲುಗಿದಾಗ ಲೆನ್ಸಿನೊಳಗಿನ ಒಂದು ಗಾಜು ಅದಕ್ಕೆ ಪ್ರತಿಯಾಗಿ ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ಕೆನಾನಿನವರು ಇದನ್ನು 'ಐಎಸ್' ಎನ್ನುತ್ತಾರೆ, ನಿಕಾನಿನವರು 'ವಿಆರ್', ಟ್ಯಾಮ್ರಾನಿನವರು 'ವಿಸಿ', ಸಿಗ್ಮಾದವರು 'ಓಎಸ್'. ಹೆಸರು ಬೇರೆ, ಕೆಲಸ ಒಂದೇ. ಮೂರು ಮೆಟ್ಟಿಲು ನೆರವಾಯಿತು ಎಂದರೆ 1/400ರ ಬದಲು 1/50ರಲ್ಲೂ ನಿಂತ ಹಕ್ಕಿಯ ಚಿತ್ರ ಸ್ಪಷ್ಟ ಬರಬಹುದು. ಆದರೆ ನೆನಪಿಡಿ: ಇದು ನಮ್ಮ ಕೈಯನ್ನು ನಿಲ್ಲಿಸುತ್ತದೆಯೇ ಹೊರತು ಹಕ್ಕಿಯ ರೆಕ್ಕೆಯನ್ನಲ್ಲ, ಭೀಮನ ಕುಣಿತವನ್ನೂ ಅಲ್ಲ. ಹಾರುವ ಹಕ್ಕಿಗೆ 1/1000 ಅಥವಾ ಅದಕ್ಕೂ ವೇಗ ಬೇಕು. ಅದಕ್ಕೆ ಒಳ್ಳೆಯ ಬಿಸಿಲು ಬೇಕು, ಇಲ್ಲವೇ ಐಎಸ್‌ಓ ಏರಿಸಬೇಕು.

ಹುಡುಗ ನೋಡಿ ಬಂದದ್ದು ಕೆನಾನಿನವರದೇ ಎರಡು ಲೆನ್ಸು. 75-300ರ ಮೂರನೆಯ ಮಾದರಿ 1999ರದ್ದು, ಅದರಲ್ಲಿ ಐಎಸ್ ಇಲ್ಲ. 55-250 ಎಸ್‌ಟಿಎಂ 2013ರದ್ದು, ಅದರಲ್ಲಿ ಐಎಸ್ ಇದೆ. ಫೋಕಸ್ ಮೋಟಾರೂ ಸದ್ದಿಲ್ಲದ್ದು, ತೂಕ 375 ಗ್ರಾಂ. ಸೆನ್ಸರಿನ ಮೇಲೆ 6 ಮಿ.ಮೀ. ಎತ್ತರದ ಅಲುಗಿದ ಹಕ್ಕಿಗಿಂತ 5 ಮಿ.ಮೀ. ಎತ್ತರದ ಸ್ಪಷ್ಟ ಹಕ್ಕಿ ಮೇಲು, ಅಲ್ವೇ? ಸ್ಪಷ್ಟವಾಗಿದ್ದರೆ ಅಂಚು ಕತ್ತರಿಸಿ ದೊಡ್ಡದು ಮಾಡಿಕೊಳ್ಳಬಹುದು. ಅಲುಗಿದ್ದನ್ನು ಏನು ಮಾಡಿದರೂ ಸರಿಪಡಿಸಲಾಗದು.

4. ಕ್ಯಾಮರಾಕ್ಕೂ ಲೆನ್ಸಿಗೂ ಹೊಂದಾಣಿಕೆ

ಜಾತಕ ನೋಡದೆ ಮದುವೆ ಮಾಡಬಹುದು, ಲೆನ್ಸು ಕೊಳ್ಳಬಾರದು! ಕೆನಾನಿನ 'ಇಎಫ್-ಎಸ್' ಗುರುತಿನ ಲೆನ್ಸು ಆ ಕಂಪನಿಯ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. 55-250 ಈ ಜಾತಿಯದು. ನಿಕಾನಿನವರಿಗೆ ಇನ್ನೊಂದು ತೊಡಕು. ಡಿ3500, ಡಿ5600ರಂಥ ಕ್ಯಾಮರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗವಾಗಿ ಸಿಗುವ ಹಳೆಯ 'ಎಎಫ್' 70-300 ಹಾಕಿದರೆ ಪ್ರತಿ ಸಲವೂ ಕೈಯಲ್ಲೇ ಫೋಕಸ್ ಮಾಡಬೇಕು. ಅವರು ಹುಡುಕಬೇಕಾದ್ದು 2016ರಲ್ಲಿ ಬಂದ 'ಎಎಫ್-ಪಿ' 70-300, ಅದೂ ವಿಆರ್ ಇರುವುದು. ವಿಆರ್ ಇಲ್ಲದ್ದೂ ಒಂದಿದೆ, ನೋಡಲು ಒಂದೇ ಥರ. ಆದರೆ ಡಿ90, ಡಿ3000ರಂಥ ಹಳೆಯ ಕ್ಯಾಮರಾಗಳಲ್ಲಿ ಈ ಎಎಫ್-ಪಿ ಫೋಕಸ್ ಆಗುವುದೇ ಇಲ್ಲ. ನಿಮ್ಮ ಕ್ಯಾಮರಾದ ಪೂರ್ತಿ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ.

5. ಅಂಗಡಿಯಲ್ಲಿ ಹತ್ತು ನಿಮಿಷ

ಫೋರ್ಟಿನ ಬೋರಾ ಬಜಾರಿಗೆ ಹೋಗಿ, ಎಲ್ಲಿಗೇ ಹೋಗಿ, ಕ್ಯಾಮರಾ ಜೊತೆಗಿರಲಿ.

ಅ) ಲೆನ್ಸಿನ ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಮೊಬೈಲಿನ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯಂತೆ ಎಳೆ ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಾಗಿಲ್ಲ.

ಆ) ಕ್ಯಾಮರಾಕ್ಕೆ ಹಾಕಿ, ಪೂರ್ತಿ ಎಳೆದು, ಬೀದಿಯಾಚೆಯ ಬೋರ್ಡಿನ ಅಕ್ಷರಗಳನ್ನು ತೆಗೆಯಿರಿ: ಮೊದಲು ಎಫ್ 5.6ರಲ್ಲಿ, ಆಮೇಲೆ ಎಫ್ 8ರಲ್ಲಿ. ಪರದೆಯಲ್ಲಿ ಹಿಗ್ಗಿಸಿ ನಾಲ್ಕೂ ಮೂಲೆ ನೋಡಿ. ಒಂದೇ ಪಕ್ಕ ಮಸುಕಾಗಿದ್ದರೆ ಲೆನ್ಸು ಎಂದೋ ಕೆಳಗೆ ಬಿದ್ದಿರಬಹುದು. ಅಗ್ಗದ ಝೂಮ್‌ಗಳು ಎಫ್ 8ರಲ್ಲಿ ಹೆಚ್ಚು ಚೊಕ್ಕವಾಗಿ ಬರುವುದು ಸಾಮಾನ್ಯ.

ಇ) ಷಟರ್ ಗುಂಡಿ ಅರ್ಧ ಒತ್ತಿ ಹಿಡಿಯಿರಿ. ನಡುಕ ತಡೆಯುವ ವ್ಯವಸ್ಥೆ ಸರಿಯಿದ್ದರೆ ಅಲುಗುತ್ತಿದ್ದ ದೃಶ್ಯ ಕಣ್ಣೆದುರೇ ನಿಲ್ಲುತ್ತದೆ.

ಈ) ಹತ್ತಿರದ್ದು, ದೂರದ್ದು, ಹತ್ತಿರದ್ದು, ಹೀಗೆ ಹತ್ತು ಸಲ ಫೋಕಸ್ ಮಾಡಿಸಿ. ತಡಕಾಡಿದರೆ ಬಿಡಿ.

ಮನೆಗೆ ತಂದ ಮೇಲೆ ಮುಂಬಯಿಯ ಮಳೆಗಾಲವೇ ದೊಡ್ಡ ಶತ್ರು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟಿದ್ದರೆ ಸಾಕು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಬೂಷ್ಟು ಹುಟ್ಟುವುದೇ ಅಲ್ಲಿ.

6. ಕೊನೆಯ ಮಾತು

ಕೊಳ್ಳುವ ಮುಂಚೆ ಒಂದು ಅಭ್ಯಾಸ ಮಾಡಿ. ಈಗಾಗಲೇ ತೆಗೆದ ನೂರು ಚಿತ್ರಗಳನ್ನು ತೆರೆದು ನೋಡಿ. ಯಾವ ಸಂಗಮದೂರದಲ್ಲಿ ತೆಗೆದದ್ದೆಂದು ಫೈಲಿನಲ್ಲೇ ದಾಖಲಾಗಿರುತ್ತದೆ. ಬಹುಪಾಲು 55ಕ್ಕೇ ಬಂದು ನಿಂತಿದ್ದರೆ ನಿಮಗೆ ನಿಜವಾಗಿ ಉದ್ದದ ಲೆನ್ಸು ಬೇಕು. ಬಹುಪಾಲು 18ರಲ್ಲೇ ಇದ್ದರೆ ದುಡ್ಡು ಇನ್ನಷ್ಟು ದಿನ ಕಿಸೆಯಲ್ಲಿರಲಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ನಾನು ತೆಗೆಯಬೇಕಾದ್ದು ಏನು? ಅದು ಎಷ್ಟು ದೂರದಲ್ಲಿದೆ? ಅಲ್ಲಿ ಬೆಳಕು ಎಷ್ಟಿದೆ? ಈ ಮೂರಕ್ಕೂ ಉತ್ತರ ಬರೆದ ಮೇಲೆಯೇ ಬೆಲೆಯ ಪ್ರಶ್ನೆ.

ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅದೇ ವರ್ಷ ಆ ಪಟ್ಟಿಗೆ ಸೇರಿದ ಇನ್ನೊಂದು ಜಾಗ ನಮ್ಮ ರಂಗನತಿಟ್ಟು. ರಜೆಗೆ ಊರಿಗೆ ಹೋದಾಗ ಅಲ್ಲಿ ದೋಣಿ ಹತ್ತಿ ನೋಡಿ. ದೋಣಿ ಹಕ್ಕಿಗಳ ಹತ್ತಿರವೇ ಹೋಗುತ್ತದೆ. 20 ಮೀಟರ್ ದೂರದ ಬಣ್ಣದ ಕೊಕ್ಕರೆ 250ರಲ್ಲಿ 12 ಮಿ.ಮೀ., ಚೌಕಟ್ಟಿಗೆ ಸರಿಯಾಗಿ ಕೂರುತ್ತದೆ.

ಆದುದರಿಂದ ತಮ್ಮಾ, 250ರದ್ದೇ ತಗೋ, ಬೂಷ್ಟು ನೋಡಿಕೊಂಡು ತಗೋ. ಖಾಡಿಗೆ ಹೋಗುವ ಮುಂಚೆ, ಊರಿನಿಂದ ಯಾರಾದರೂ ಹಿರಿಯರು ಬಂದಿದ್ದರೆ ಅವರದೊಂದು ಚಿತ್ರ ತೆಗೆ. ಹಕ್ಕಿ ಮುಂದಿನ ಚಳಿಗಾಲಕ್ಕೆ ಮತ್ತೆ ಬಂದೀತು.