ಜಾಝ್ ಕಾರ್ಡಿಗೆ ನಿಮ್ಮದೇ ಶ್ರುತಿ

ಚಾಪ್‌ಮನ್ ಸ್ಟಿಕ್ ಮೀಟುವ ವಾದ್ಯವಲ್ಲ, ತಟ್ಟುವ ವಾದ್ಯ. ತಂತಿಯನ್ನು ಫ್ರೆಟ್ಟಿಗೆ ತಾಗುವಂತೆ ಬೆರಳಿನಿಂದ ತಟ್ಟಿದರೆ ಸಾಕು, ಸ್ವರ ಹುಟ್ಟುತ್ತದೆ. ಹಾಗಾಗಿ ಪಿಯಾನೊದಲ್ಲಿ ಇರುವಂತೆ ಎರಡು ಕೈಗೂ ಬೇರೆ ಬೇರೆ ಕೆಲಸ. ಅಮೆರಿಕದ ಜಾಝ್ ಗಿಟಾರ್ ವಾದಕ ಎಮೆಟ್ ಚಾಪ್‌ಮನ್ 1969ರಲ್ಲಿ ಈ ಪಟ್ಟು ಕಂಡುಕೊಂಡರು, 1974ರಲ್ಲಿ ವಾದ್ಯವನ್ನು ಮಾರಾಟಕ್ಕೆ ತಂದರು. ಹತ್ತು ತಂತಿಯ ಸ್ಟಿಕ್‌ನಲ್ಲಿ ಮೊದಲ ಐದು ರಾಗಕ್ಕೆ, ಉಳಿದ ಐದು ಎಡಗೈಯ ಬೇಸ್ ಮತ್ತು ಕಾರ್ಡುಗಳಿಗೆ. ರಾಗದ ತಂತಿಗಳ ನಡುವೆ ಸ-ಮ ಅಂತರ. ಬೇಸ್ ತಂತಿಗಳ ನಡುವೆ ಸ-ಪ ಅಂತರ: 6ರಿಂದ 10ರ ತನಕ ಸಿ, ಜಿ, ಡಿ, ಎ, ಇ.

ಈ ಎಡಗೈಯ ತಂತಿಗಳಿಗೆ ಸ್ವಂತ ಶ್ರುತಿ ಹುಡುಕುವವರು ಹೆಚ್ಚಾಗಿ ಇನ್ನೊಬ್ಬರ ಶ್ರುತಿಯನ್ನು ನಕಲು ಮಾಡಿ, ಆಮೇಲೆ ಅದರಲ್ಲಿ ಕಾರ್ಡು ತಡಕುತ್ತಾರೆ. ಅದು ತಲೆಕೆಳಗಾದ ದಾರಿ. ಯಾವ ಕಾರ್ಡು ಬೇಕು ಎಂದು ಮೊದಲು ಬರೆದುಕೊಳ್ಳಿ, ತಂತಿಯನ್ನು ಆಮೇಲೆ ಮುಟ್ಟಿ.

ಮೊದಲ ಕೆಲಸ ಕಾಗದದ ಮೇಲೆ. ಡಿ ಮೈನರ್ 7, ಜಿ 7, ಸಿ ಮೇಜರ್ 7: ಈ ಮೂರರ ಸಾಲು ಜಾಝ್‌ನ ಅನ್ನ-ಸಾರು. ಪ್ರತಿ ಕಾರ್ಡಿನಲ್ಲೂ ಪಂಚಮವನ್ನು ಬಿಟ್ಟು ಸ, ಗ, ನಿ ಇಟ್ಟುಕೊಂಡರೆ ಕಾರ್ಡಿನ ಗುರುತು ಉಳಿಯುತ್ತದೆ. ಡಿ ಮೈನರ್‌ಗೆ ಸಾಧಾರಣ ಗಾಂಧಾರ, ಕೈಶಿಕಿ ನಿಷಾದ; ಜಿ 7ಕ್ಕೆ ಅಂತರ ಗಾಂಧಾರ, ಕೈಶಿಕಿ ನಿಷಾದ; ಸಿ ಮೇಜರ್‌ಗೆ ಅಂತರ ಗಾಂಧಾರ, ಕಾಕಲಿ ನಿಷಾದ. ಕೆಳಗಿನಿಂದ ಮೇಲಕ್ಕೆ ಹೀಗೆ ಜೋಡಿಸಿ: ಡಿ-ಸಿ-ಎಫ್, ಜಿ-ಬಿ-ಎಫ್, ಸಿ-ಬಿ-ಇ. ಮೇಲಿನ ಎರಡು ಸ್ವರಗಳನ್ನು ನೋಡಿ. ಮೂರು ಕಾರ್ಡು ದಾಟುವಷ್ಟರಲ್ಲಿ ಪ್ರತಿಯೊಂದೂ ಒಂದೇ ಒಂದು ಸ್ವರಸ್ಥಾನ ಇಳಿದಿದೆ. ಕಿವಿಗೆ ಇಷ್ಟು ಹತ್ತಿರವಿರುವುದು ಕೈಗೂ ಹತ್ತಿರವಿರಬೇಕು ತಾನೇ?

ಈಗ ಇದ್ದ ಶ್ರುತಿಯಲ್ಲೇ ಲೆಕ್ಕ ಹಾಕಿ. ಸಿ ಮೇಜರ್ 7ಕ್ಕೆ 7ನೇ ತಂತಿಯ 5ನೇ ಫ್ರೆಟ್, 8ನೇ ತಂತಿಯ 9, 9ನೇ ತಂತಿಯ 7. ತಂತಿಯ ಉದ್ದ 34 ಇಂಚಾದರೆ 5ರಿಂದ 9ರ ತನಕ ಸುಮಾರು ಹದಿಮೂರು ಸೆಂಟಿಮೀಟರ್. ಕೈ ಚಿಕ್ಕದಾದವರಿಗೆ ಇದು ಶಿಕ್ಷೆ. ಹಾಗೆಂದು ಚಾಪ್‌ಮನ್‌ರನ್ನು ದೂರುವಂತಿಲ್ಲ. ಯಾವ ತಂತಿಗೆ ಹೋದರೂ ಕಾರ್ಡಿನ ಆಕಾರ ಬದಲಾಗದು ಎಂಬುದೇ ಅವರ ಶ್ರುತಿಯ ದೊಡ್ಡ ಗುಣ.

ಇನ್ನು ಹಿಂದಕ್ಕೆ ಎಣಿಸೋಣ. ಡಿ, ಸಿ, ಎಫ್ ಮೂರೂ ಒಂದೇ ಫ್ರೆಟ್ಟಿನಲ್ಲಿ ಸಿಗಲಿ. ಡಿಯಿಂದ ಮೇಲಿನ ಸಿಗೆ 10 ಸ್ವರಸ್ಥಾನ, ಅಲ್ಲಿಂದ ಎಫ್‌ಗೆ 5. ಅಂದರೆ ಜಿಯಲ್ಲಿರುವ 7ನೇ ತಂತಿಗಿಂತ 8ನೆಯದು 10 ಮೇಲಿರಬೇಕು: ಎಫ್. ಅದಕ್ಕಿಂತ 9ನೆಯದು 5 ಮೇಲೆ: ಎ ಶಾರ್ಪ್. 6, 7 ಮತ್ತು 10ನೇ ತಂತಿ ಇದ್ದಂತೆಯೇ ಇರಲಿ. ಹೊಸ ಶ್ರುತಿ: ಸಿ, ಜಿ, ಎಫ್, ಎ ಶಾರ್ಪ್, ಇ.

ಈಗ ತಟ್ಟಿ ನೋಡಿ. ಡಿ ಮೈನರ್ 7ಕ್ಕೆ 7, 8, 9ನೇ ತಂತಿಗಳ 7ನೇ ಫ್ರೆಟ್. ಜಿ 7ಕ್ಕೆ 6ನೇ ತಂತಿಯ 7, 8ನೆಯದರ 6, 9ನೆಯದರ 7. ಸಿ ಮೇಜರ್‌ಗೆ 7ನೇ ತಂತಿಯ 5, ಉಳಿದೆರಡರ 6. ಕೈ ಮೂರು ಫ್ರೆಟ್ ದಾಟಲಿಲ್ಲ! ಜೊತೆಗೆ ಒಂದು ಕೊಸರು: 10ನೇ ತಂತಿಯ 5ನೇ ಫ್ರೆಟ್ಟಿನಲ್ಲಿರುವ ಎ ಸ್ವರ ಮೂರು ಕಾರ್ಡಿಗೂ ಹೊಂದುತ್ತದೆ. ಡಿಗೆ ಅದು ಪಂಚಮ, ಜಿಗೆ ಒಂಬತ್ತನೆಯದು, ಸಿಗೆ ಹದಿಮೂರನೆಯದು. ಆ ಬೆರಳನ್ನು 4ನೇ ಫ್ರೆಟ್ಟಿಗೆ ಸರಿಸಿದರೆ ಮೊದಲೆರಡು ಕಾರ್ಡು ಮೈನರ್ ಶ್ರೇಣಿಯ ದುಗುಡಕ್ಕೆ ತಿರುಗುತ್ತವೆ.

ಅವಸರದಲ್ಲಿ ಕೀಲಿ ತಿರುಗಿಸಬೇಡಿ. ಬಿಗಿತ ಏರುವುದು ಕಂಪನಾಂಕದ ವರ್ಗಕ್ಕೆ ಅನುಗುಣವಾಗಿ. 8ನೇ ತಂತಿಯನ್ನು ಡಿಯಿಂದ ಎಫ್‌ಗೆ, ಮೂರು ಸ್ವರಸ್ಥಾನ ಎಳೆದರೆ ಬಿಗಿತ ಶೇ 41ರಷ್ಟು ಹೆಚ್ಚುತ್ತದೆ. ತಂತಿ ಕಡಿಯಬಹುದು, ಕತ್ತು ಬಾಗಬಹುದು. ಅದರ ಬದಲು ಸುಮಾರು ಶೇ 16ರಷ್ಟು ತೆಳುವಾದ ತಂತಿ ಹಾಕಿ. 9ನೆಯದು ಏರುವುದು ಒಂದೇ ಸ್ವರಸ್ಥಾನ, ಬಿಗಿತ ಶೇ 12. ಅಲ್ಲಿಯೂ ಶೇ 6ರಷ್ಟು ತೆಳು ತಂತಿ ಸಿಕ್ಕರೆ ಒಳ್ಳೆಯದು. ಮರುದಿನ ತಂತಿಯ ಎತ್ತರ ಇನ್ನೊಮ್ಮೆ ನೋಡಿ. ತಟ್ಟುವ ವಾದ್ಯದಲ್ಲಿ ತಂತಿ ಫ್ರೆಟ್ಟಿಗೆ ಆದಷ್ಟು ಹತ್ತಿರವಿರಬೇಕು.

ಕಳೆದುಕೊಳ್ಳುವುದೂ ಇದೆ. 7 ಮತ್ತು 8ನೇ ತಂತಿಯ ನಡುವೆ ಈಗ ದೊಡ್ಡ ಕಂದರ. ಹೆಜ್ಜೆ ಹೆಜ್ಜೆಯಾಗಿ ನಡೆಯುವ ಬೇಸ್‌ಗೆ ಕೆಳಗಿನ ಎರಡೇ ತಂತಿ ಉಳಿಯುತ್ತವೆ. ವಾಕಿಂಗ್ ಬೇಸ್ ನಿಮ್ಮ ಪ್ರಾಣವಾಗಿದ್ದರೆ ಈ ಶ್ರುತಿ ಬೇಡ.

ಸ್ಟಿಕ್ ಇಲ್ಲದವರು ಎಲೆಕ್ಟ್ರಿಕ್ ಗಿಟಾರಿನಲ್ಲೇ ಇದನ್ನು ಪರೀಕ್ಷಿಸಬಹುದು. 1985ರ ‘ಮ್ಯಾಜಿಕ್ ಟಚ್’ ಆಲ್ಬಮ್‌ನಿಂದ ಹೆಸರಾದ ಸ್ಟ್ಯಾನ್ಲಿ ಜೋರ್ಡನ್ ಗಿಟಾರನ್ನು ಪೂರ್ತಿ ಸ-ಮ ಅಂತರದಲ್ಲಿ ಶ್ರುತಿ ಮಾಡಿ ಎರಡು ಕೈಯಲ್ಲಿ ತಟ್ಟುತ್ತಾರೆ. ದಪ್ಪನೆಯ ನಾಲ್ಕು ತಂತಿಗಳನ್ನು ಒಂದೊಂದು ಸ್ವರಸ್ಥಾನ ಇಳಿಸಿದರೆ ನಿಮಗೂ ಅದೇ ಅಂತರ ಸಿಗುತ್ತದೆ. ಮೊದಲ ಕಾರ್ಡಿಗೆ 5, 3, 2ನೇ ತಂತಿಗಳ 5ನೇ ಫ್ರೆಟ್. ಎರಡನೆಯದಕ್ಕೆ 6ನೇ ತಂತಿಯ 3, 3ನೆಯದರ 4, 2ನೆಯದರ 5. ಮೂರನೆಯದಕ್ಕೆ 5ನೇ ತಂತಿಯ 3, ಉಳಿದೆರಡರ 4. ಇಡೀ ಸಾಲು ಅರ್ಧ ಸ್ವರ ತಗ್ಗಿ ಕೇಳಿಸುತ್ತದೆ, ಆಕಾರ ಮಾತ್ರ ಅದೇ. ತಟ್ಟುವಾಗ ಖಾಲಿ ತಂತಿಗಳು ಗುಂಯ್‌ಗುಡದಂತೆ ಮೊದಲ ಫ್ರೆಟ್ಟಿನ ಮೇಲೆ ಜಡೆಯ ರಬ್ಬರ್ ಬ್ಯಾಂಡೊಂದನ್ನು ಸುತ್ತಿಕೊಳ್ಳಿ.