ದುರಸ್ತಿಯ ಹಣ ಮತ್ತು ಆಡಳಿತ ಮಂಡಳಿಯ ಹೊಣೆ

ಮಠದ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗೆ ಹೊಸ ಕಟ್ಟಡವೊಂದನ್ನು ಎಬ್ಬಿಸುವುದು ಅಷ್ಟೇನೂ ಕಷ್ಟಸಾಧ್ಯವಲ್ಲ. ಪೂಜ್ಯರ ಅಪ್ಪಣೆಯಾದೊಡನೆ ಭಕ್ತರು ಮುಂದೆ ಬರುತ್ತಾರೆ, ಅಡಿಗಲ್ಲು ಬೀಳುತ್ತದೆ, ಕೊಠಡಿಯ ಬಾಗಿಲ ಮೇಲೆ ದಾನಿಗಳ ಹೆಸರಿನ ಶಿಲಾಫಲಕ ಏರುತ್ತದೆ. ಮೂವತ್ತು ವರ್ಷಗಳ ತರುವಾಯ ಅದೇ ಕೊಠಡಿಯ ಮಾಳಿಗೆ ಸೋರತೊಡಗಿದರೆ ಅದಕ್ಕೆ ದಾನಿಗಳು ದೊರೆಯುವುದು ವಿರಳ. ತೇಪೆ ಹಾಕಿದ ಗಾರೆಯ ಮೇಲೆ ಯಾರ ಹೆಸರನ್ನು ಕೆತ್ತುವುದು?

ಲೆಕ್ಕಪತ್ರದ ರೀತಿಯೂ ಈ ಉದಾಸೀನಕ್ಕೆ ಇಂಬು ಕೊಡುತ್ತದೆ. ಹೊಸ ಕಟ್ಟಡಕ್ಕೆ ವ್ಯಯವಾದ ಹಣ ಅಢಾವೆ ಪತ್ರಿಕೆಯಲ್ಲಿ ಸಂಸ್ಥೆಯ ಆಸ್ತಿಯಾಗಿ ಕಾಣಿಸಿಕೊಳ್ಳುತ್ತದೆ. ದುರಸ್ತಿಗೆ ವ್ಯಯವಾದುದು ಆ ವರ್ಷದ ಖರ್ಚಿನ ಬಾಬಿಗೆ ಸೇರಿ ಕೊರತೆಯನ್ನು ಹೆಚ್ಚಿಸಿದಂತೆ ತೋರುತ್ತದೆ. ಅನುದಾನಿತ ಶಾಲೆಗಳಿಗೆ ಸರ್ಕಾರದಿಂದ ಬರುವ ನೆರವಿನ ಬಹುಭಾಗ ಶಿಕ್ಷಕರ ವೇತನಕ್ಕೇ ಸಲ್ಲುವುದರಿಂದ ಕಟ್ಟಡದ ಹೊಣೆ ಆಡಳಿತ ಮಂಡಳಿಯದೇ ಆಗುತ್ತದೆ. ಹೀಗಿದ್ದೂ ದುರಸ್ತಿಯ ವಿಷಯ ಕಾರ್ಯಸೂಚಿಯ ಕಡೆಯಲ್ಲಿ ಬಂದು, ಮುಂದಿನ ಸಭೆಗೆ ಹೋಗುತ್ತದೆ.

ಮುಂದೂಡಿದ ಮಾತ್ರಕ್ಕೆ ಖರ್ಚು ತಪ್ಪುವುದಿಲ್ಲ. ಮಂಗಳೂರು ಹೆಂಚಿನ ಮಾಡಿನಲ್ಲಿ ಒಂದು ಹೆಂಚು ಒಡೆದರೆ ಮಳೆನೀರು ರೀಪಿಗೆ ಇಳಿದು, ತೊಲೆಗೆ ಹಬ್ಬಿ ಮರವನ್ನು ಕೊಳೆಸುತ್ತದೆ; ಬಳಿಕ ಗೆದ್ದಲಿಗೆ ದಾರಿ ಸುಗಮ. ಕಾಂಕ್ರೀಟು ಛಾವಣಿಯ ಬಗೆ ಇನ್ನೂ ಮೋಸದ್ದು. ಬಿರುಕಿನಿಂದ ಒಳಗಿಳಿದ ತೇವಕ್ಕೆ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹಲವು ಮಳೆಗಾಲ ಏನೂ ಕಾಣದೆ, ಒಂದು ದಿನ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಕೆಳಗೆ ಕುಳಿತವರು ಮಕ್ಕಳು.

ಕಟ್ಟಡದ ವಿಷಯದಲ್ಲಿ ಅಲಕ್ಷ್ಯ ಎಂತಹ ಬೆಲೆ ಬೇಡುತ್ತದೆಂಬುದನ್ನು ದೇಶ ಕಂಡಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಛಾವಣಿಗೆ ಹಬ್ಬಿ 94 ಮಕ್ಕಳು ಅಸುನೀಗಿದರು. ಆ ದುರಂತದ ಹಿನ್ನೆಲೆಯಲ್ಲಿ ಹೂಡಲಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪಿತ್ತು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆಯೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ಕಡ್ಡಾಯ ಶಿಕ್ಷಣ ಕಾಯಿದೆಯ ಅನುಸೂಚಿಯು ಎಲ್ಲ ಋತುಗಳನ್ನೂ ತಾಳುವ ಕಟ್ಟಡ, ಶುದ್ಧ ಕುಡಿಯುವ ನೀರು, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇವನ್ನು ಶಾಲೆಗೆ ಇರಲೇಬೇಕಾದವುಗಳೆಂದು ವಿಧಿಸಿತು.

ಹಣ ಒದಗಿಸುವ ದಾರಿ ಮಠದ ಸಂಪ್ರದಾಯದಲ್ಲಿಯೇ ಇದೆ. ಭಕ್ತರು ದಾಸೋಹಕ್ಕೆಂದು ಮೂಲಧನವಿರಿಸಿ, ಅದರ ಬಡ್ಡಿಯಿಂದ ವರ್ಷಕ್ಕೊಂದು ದಿನದ ಪ್ರಸಾದ ನಡೆಯುವಂತೆ ಏರ್ಪಾಡು ಮಾಡುವುದು ಹಲವೆಡೆ ರೂಢಿಯಲ್ಲಿದೆ. ಕಟ್ಟಡದ ಕಾಪಿಗೂ ಅಂತಹದೇ ಒಂದು ದುರಸ್ತಿ ನಿಧಿ ಏಕಿರಬಾರದು? ಕಾಣಿಕೆಯು ಮೂಲಧನಕ್ಕೇ ಸಲ್ಲತಕ್ಕದ್ದೆಂದು ದಾನಿಗಳು ಲಿಖಿತವಾಗಿ ಸೂಚಿಸಬೇಕು. ಮಂಡಳಿಯು ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸಬೇಕು. ಹೊಸ ಕೊಠಡಿಗೆ ಹಣ ಸ್ವೀಕರಿಸುವಾಗಲೇ ದಾನಿಗಳ ಒಪ್ಪಿಗೆಯಿಂದ ಅದರ ಒಂದು ಪಾಲನ್ನು ಈ ನಿಧಿಗೆ ತೆಗೆದಿರಿಸುವ ಠರಾವು ಇದ್ದರೆ ಇನ್ನೂ ಮೇಲು. ಫಲಕದ ಮೇಲಿನ ಹೆಸರೂ ಸೋರದ ಸೂರಿನ ಕೆಳಗೆ ಉಳಿದೀತು.

ನಿರ್ಣಯದ ಕಾಲವೂ ಮುಖ್ಯ. ಮುಂಗಾರು ಜೂನ್ ಆರಂಭದಲ್ಲಿ ನಾಡನ್ನು ಮುಟ್ಟುವುದು ವಾಡಿಕೆ. ಕೆಲಸಕ್ಕೆ ಒದಗುವುದು ಏಪ್ರಿಲ್-ಮೇ ರಜೆ ಮಾತ್ರ. ಜನವರಿಯಲ್ಲಿ ಮಾಡು ಹತ್ತಿ ನೋಡಿ ಅಂದಾಜುಪಟ್ಟಿ ಸಿದ್ಧಪಡಿಸಿ, ಮಾರ್ಚಿನೊಳಗೆ ಮಂಜೂರಾತಿ ಕೊಡಬೇಕು. ಜೂನ್ ಸಭೆಯಲ್ಲಿ ಮಂಜೂರಾದ ಹಣದಿಂದ ಆ ವರ್ಷದ ಸೋರಿಕೆ ನಿಲ್ಲದು. ಅಂದಾಜಿನಲ್ಲಿ ಶಿಕ್ಷಕರ ಮಾತೂ ಸೇರಲಿ; ಮಳೆ ಬಂದಾಗ ಯಾವ ಮೂಲೆಯ ಬೆಂಚನ್ನು ಸರಿಸಬೇಕೆಂಬುದು ಅವರಿಗೆ ಗೊತ್ತು. ಹಣ ಸಾಲದೆ ಬಂದಾಗ ಮೊದಲು ಛಾವಣಿ ಮತ್ತು ವಿದ್ಯುತ್ ತಂತಿ, ಅನಂತರ ನೀರು ಮತ್ತು ಹೆಣ್ಣುಮಕ್ಕಳ ಶೌಚಾಲಯ. ಮಹಾದ್ವಾರದ ಬಣ್ಣ ಕಡೆಗೆ.