ಸೆಲ್ಫ್ ಹೊಡೆದದ್ದು ಸಾಕು, ಡೀಸೆಲ್ ದಾರಿ ಹಿಡಿಯಿರಿ

ಹಳೇ ಲಾರಿ ಓಡುತ್ತಿದ್ದಂತೆಯೇ ಆಫ್ ಆದರೆ ಡ್ರೈವರ್ ಕೈ ತಾನಾಗಿ ಕೀ ಹತ್ತಿರ ಹೋಗುತ್ತದೆ. ಒಂದು ಸಲ ಸೆಲ್ಫ್ ಹೊಡೆಯುತ್ತಾನೆ, ಇನ್ನೊಂದು ಸಲ ಹೊಡೆಯುತ್ತಾನೆ, ಪಕ್ಕದಲ್ಲಿ ಕೂತವರು ‘ಇನ್ನೂ ಒಂದು ಸಲ ನೋಡು’ ಅನ್ನುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿ, ಕೊಬ್ಬರಿ, ನಾರು ಹೊರುವ ಎಷ್ಟೋ ಹಳೇ ಗಾಡಿಗಳ ಬ್ಯಾಟರಿ ಹೀಗೇ ರಸ್ತೆ ಮಧ್ಯೆ ಸಾಯುತ್ತದೆ. ಬ್ಯಾಟರಿ ಸತ್ತರೆ ಹಿಂದಿನ ಕೆಂಪು ದೀಪವೂ ಆರುತ್ತದೆ. ಪ್ರಾಣಕ್ಕೆ ಬರುವುದು ಆ ಹೊತ್ತಿನಲ್ಲಿ.

ನಮ್ಮಣ್ಣನ ಟಾಟಾ 1210 ಲಾರಿಯ ಕಥೆ ಅದು. ಚಿಕ್ಕನಾಯಕನಹಳ್ಳಿ ಸುತ್ತ ಒಂದು ಕಾಲಕ್ಕೆ ಅದಿರು ಹೊತ್ತ ಗಾಡಿ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಕ್ಕೆ ಕೆಲಸವಿಲ್ಲದಾಯಿತು. ಅಗ್ಗಕ್ಕೆ ಸಿಕ್ಕಿತೆಂದು ಅಣ್ಣ ಕೊಂಡುಕೊಂಡು, ಬಾಡಿ ಬದಲಿಸಿ ಕೊಬ್ಬರಿ ಲೋಡಿಗೆ ಹಾಕಿದ್ದ.

ಅವತ್ತು ಹುಳಿಯಾರು ಕಡೆಯಿಂದ ಸುಮಾರು 70 ಕ್ವಿಂಟಾಲ್ ಕೊಬ್ಬರಿ ತುಂಬಿಕೊಂಡು ಗಾಡಿ ತಿಪಟೂರು ಎಪಿಎಂಸಿಗೆ ಹೊರಟಿತ್ತು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ಲೆಕ್ಕಕ್ಕೇ ಟಾರ್ಪಾಲಿನ ಕೆಳಗೆ 8 ಲಕ್ಷ 40 ಸಾವಿರದ ಮಾಲಿತ್ತು. ಅಟ್ಟದ ಮೇಲೆ ವರ್ಷದ ಹತ್ತಿರ ಇದ್ದು, ಚಿಪ್ಪಿನೊಳಗೇ ಒಣಗಿ ಗುಂಡಾದ ಕೊಬ್ಬರಿ ಒಂದು ರಾತ್ರಿ ನೆನೆದರೆ ಸಾಕು, ಬೂಸ್ಟು ಹಿಡಿಯುತ್ತದೆ. ಬಣ್ಣ ಕೆಟ್ಟ ಕೊಬ್ಬರಿಗೆ ಹರಾಜಿನಲ್ಲಿ ದರ ಬೀಳುತ್ತದೆ. ಚಿತ್ತೆ ಮಳೆಯ ದಿನ ಬೇರೆ.

ಚಿಕ್ಕನಾಯಕನಹಳ್ಳಿ ದಾಟಿ ಕೆ.ಬಿ. ಕ್ರಾಸ್ ದಿಕ್ಕಿಗೆ ಒಂದು ಏರು ಹತ್ತುವಾಗ ಇಂಜಿನ್ ದನಿ ತಗ್ಗಿತು. ಅಣ್ಣ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆತವಿಲ್ಲ. ಜಗ್ಗಿ ಜಗ್ಗಿ ಗಾಡಿ ನಿಂತೇ ಬಿಟ್ಟಿತು. ಎಡಕ್ಕೆ ತಿರುಗಿಸುವಷ್ಟು ಓಟವೂ ಉಳಿದಿರಲಿಲ್ಲ. ಮುಕ್ಕಾಲು ಗಾಡಿ ಡಾಂಬರಿನ ಮೇಲೆ, ಅದೂ ತಿರುವು ಮುಗಿದ ಕೂಡಲೇ. ಹಿಂದಿನಿಂದ ಬರುವವರಿಗೆ ತಿರುವು ದಾಟುವ ತನಕ ಕಾಣುವುದೇ ಇಲ್ಲ.

ಕ್ಯಾಬಿನ್ನಿನಲ್ಲಿ ನನ್ನ ಜೊತೆ ಭಾವ ಇದ್ದರು. ಟ್ರ್ಯಾಕ್ಟರ್ ಇಟ್ಟುಕೊಂಡವರು, ಮನೆಯಲ್ಲಿ ಗಾಡಿಯ ಮಾತು ಬಂದರೆ ಅವರದೇ ಕೊನೆಯ ಮಾತು. ‘ಬ್ಯಾಟರಿ ವೀಕು ಕಣೋ, ಹೊಡಿ ಸೆಲ್ಫು, ಬಿಡಬೇಡ’ ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಅಣ್ಣ ಇಳಿದು ನೋಡುತ್ತೇನೆ ಅಂದರೂ ಕೇಳಲಿಲ್ಲ. ಓಡುತ್ತಿದ್ದ ಡೀಸೆಲ್ ಇಂಜಿನ್ ನಿಲ್ಲಲು ಬ್ಯಾಟರಿ ಹೇಗೆ ಕಾರಣವಾದೀತು? ಪೆಟ್ರೋಲ್ ಗಾಡಿಯ ಹಾಗೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಅದುಮಿ ಅದುಮಿ ಬರುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಇಂಥ ಹಳೇ ಗಾಡಿ ಒಮ್ಮೆ ಸ್ಟಾರ್ಟ್ ಆದ ಮೇಲೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಇಷ್ಟನ್ನು ಭಾವನಿಗೆ ಹೇಳುವವರು ಯಾರು? ಸೆಲ್ಫ್ ದನಿ ಮೊದಲು ಗಟ್ಟಿಯಾಗಿತ್ತು, ಆಮೇಲೆ ನರಳಿತು, ಕೊನೆಗೆ ಟಕ್ ಎಂದು ಒಂದು ಸದ್ದು, ಅಷ್ಟೇ. ಡ್ಯಾಶ್‌ಬೋರ್ಡಿನ ದೀಪ ಕೆಂಪು ಚುಕ್ಕೆಯಾಗಿ ಆರಿತು.

ಹಿಂದಕ್ಕೆ ಓಡಿ ನೋಡಿದರೆ ಟೈಲ್ ಲ್ಯಾಂಪ್ ಇಲ್ಲ, ಇಂಡಿಕೇಟರ್ ಇಲ್ಲ. ಎಪ್ಪತ್ತು ಕ್ವಿಂಟಾಲ್ ಹೊತ್ತ ಗಾಡಿ ಕತ್ತಲಲ್ಲಿ ಕತ್ತಲಾಗಿ ನಿಂತಿದೆ. ಹಿಂದಿನ ಟೈರಿಗೆ ಕಲ್ಲು ಕೊಟ್ಟು, ಬೇಲಿಯ ಹೊಂಗೆ ಕೊಂಬೆ ಮುರಿದು ರಸ್ತೆಗೆ ಎಳೆಯುತ್ತಿದ್ದೆ. ಮಳೆ ಹನಿ ಶುರುವಾಗಿತ್ತು. ಅಷ್ಟರಲ್ಲಿ ತಿರುವಿನ ಆಚೆ ತೆಂಗಿನ ಗರಿಗಳ ಮೇಲೆ ಬೆಳಕು ಹರಿದಾಡಿತು. ಬಸ್ಸು. ಮೊಬೈಲಿನ ಟಾರ್ಚ್ ಎತ್ತಿ ಕೂಗಿದೆ, ಒದ್ದೆ ಕೊಂಬೆಯನ್ನೇ ಬೀಸಿದೆ. ತಿರುವು ಕಳೆದ ಮೇಲೆಯೇ ಅದರ ಡ್ರೈವರಿಗೆ ಲಾರಿ ಕಂಡದ್ದು. ಬ್ರೇಕ್ ಕಿರುಚಿತು, ಬಸ್ಸು ಬಲಕ್ಕೆ ಜಾರಿತು, ಎಡಗಡೆಯ ಕನ್ನಡಿ ನಮ್ಮ ಬಾಡಿಯ ಮೂಲೆಗೆ ಬಡಿದು ಚೂರಾಗಿ ನನ್ನ ಕಾಲ ಬುಡದಲ್ಲಿ ಬಿತ್ತು. ಎದುರಿನಿಂದ ಇನ್ನೊಂದು ಗಾಡಿ ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ. ಕಿಟಕಿಗಳಲ್ಲಿ ನಿದ್ದೆಗಣ್ಣಿನ ಮುಖಗಳು, ಮಕ್ಕಳ ಅಳು. ಬಸ್ಸಿನ ಡ್ರೈವರ್ ಇಳಿದು ಬಂದು ಅಣ್ಣನ ಕೊರಳಪಟ್ಟಿ ಹಿಡಿದ. ಹಿಡಿದದ್ದು ತಪ್ಪೆಂದು ನಾನು ಹೇಳಲಾರೆ.

ಗಸ್ತು ವಾಹನವೊಂದು ಬಂತು. ಅದರ ನೆತ್ತಿಯಲ್ಲಿ ಮಿನುಗುವ ದೀಪವಿತ್ತು, ಹಿಂದೆ ಕಿತ್ತಳೆ ಬಣ್ಣದ ಕೋನ್‌ಗಳಿದ್ದವು. ಇಳಿದ ಅಧಿಕಾರಿ ಒಂದೇ ಒಂದು ಕೋನ್ ಇಳಿಸಲಿಲ್ಲ. ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್ ತೋರಿಸಿ ಅಂದರು, ಮೋಟಾರು ವಾಹನ ಕಾಯ್ದೆಯ 201ನೇ ಸೆಕ್ಷನ್ ಹೇಳಿ ದಂಡ ಬರೆದರು, ಹೊರಟರು. ಕೆಟ್ಟ ಗಾಡಿ ರಸ್ತೆಗೆ ಅಡ್ಡವಾಗಿ ನಿಂತರೆ ದಂಡ ಹಾಕಲು ಕಾನೂನಿದೆ, ಒಪ್ಪೋಣ. ಆದರೆ ಕುರುಡು ತಿರುವಿನಲ್ಲಿ ದೀಪವಿಲ್ಲದ ಗಾಡಿಯ ಹಿಂದೆ ಕೋನ್ ಇಟ್ಟು ಹತ್ತು ನಿಮಿಷ ನಿಲ್ಲುವುದು ಆ ಸಮವಸ್ತ್ರಕ್ಕೆ ದಂಡಕ್ಕಿಂತ ಮೊದಲಿನ ಕೆಲಸ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಿಜವಾಗಿ ಕೈ ಹಿಡಿದದ್ದು ದಾರಿಹೋಕ ಲಾರಿಯ ಒಬ್ಬ ಹಿರಿಯ ಡ್ರೈವರ್. ತಮ್ಮ ಗಾಡಿಯನ್ನು ನಮ್ಮ ಹಿಂದೆ ನಿಲ್ಲಿಸಿ ಇಂಡಿಕೇಟರ್ ಹಾಕಿ, ಆಮೇಲೆ ಮಾತಿಗೆ ಬಂದರು.

‘ಸೆಲ್ಫ್ ಹೊಡೆದಾಗ ಸೈಲೆನ್ಸರಲ್ಲಿ ಹೊಗೆ ಬಂತೇನಪ್ಪ?’

‘ಇಲ್ಲ ಕಣಣ್ಣ, ಏನೂ ಬರಲಿಲ್ಲ.’

‘ಹಂಗಾದ್ರೆ ಡೀಸೆಲ್ಲೇ ಹೋಗ್ತಿಲ್ಲ. ಬ್ಯಾಟರಿ ಯಾಕೆ ಸಾಯಿಸಿದ್ರಿ?’

ಒಂದೇ ಪ್ರಶ್ನೆಗೆ ಅರ್ಧ ರೋಗ ಸಿಕ್ಕಿತು. ಸೆಲ್ಫ್ ತಿರುಗುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ಮುಟ್ಟಿಲ್ಲ. ಅವರು ಮೊದಲು ಸ್ಟಾಪ್ ಕೇಬಲ್ ನೋಡಿದರು. ಅದು ಎಳೆದಲ್ಲೇ ಸಿಕ್ಕಿಕೊಂಡಿದ್ದರೆ ಪಂಪು ಡೀಸೆಲ್ ಬಿಡುವುದಿಲ್ಲ. ಅದು ಸರಿಯಿತ್ತು. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟರು. ಮುಚ್ಚಳದ ಗಾಳಿರಂಧ್ರ ಧೂಳಿಗೆ ಕಟ್ಟಿಕೊಂಡಿದ್ದರೆ ತೆಗೆದಾಗ ಸುಯ್ಯೆಂದು ಗಾಳಿ ಒಳಗೆ ನುಗ್ಗುತ್ತದೆ. ಆ ಸದ್ದೂ ಇಲ್ಲ. ಕಡ್ಡಿ ಇಳಿಸಿದರೆ ಟ್ಯಾಂಕಿನಲ್ಲಿ ಡೀಸೆಲ್ ಬೇಕಾದಷ್ಟಿದೆ.

ಮುಂದೆ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಪಕ್ಕದ ಹ್ಯಾಂಡ್ ಪಂಪ್ ಒತ್ತಲು ಹೇಳಿದರು. ಟಾರ್ಚ್ ಬೆಳಕಿನಲ್ಲಿ ಸ್ಕ್ರೂ ಬುಡದಿಂದ ಬುರುಬುರು ನೊರೆ ಬಂತು. ಒತ್ತಿದಷ್ಟೂ ನೊರೆಯೇ, ಡೀಸೆಲ್ ತಿಳಿಯಾಗಿ ಬರಲೇ ಇಲ್ಲ. ಏರ್ ಹಿಡಿದಿತ್ತು, ಮೇಲಾಗಿ ಹೊಸ ಗಾಳಿ ಎಲ್ಲಿಂದಲೋ ಸೇರುತ್ತಲೇ ಇತ್ತು.

ಆಗ ಅವರು ಮಾಡಿದ ಕೆಲಸವನ್ನು ಹಳೇ ಲಾರಿ ಇಟ್ಟವರೆಲ್ಲ ಕಲಿಯಬೇಕು. ತಮ್ಮ ಕ್ಯಾನಿನಲ್ಲಿದ್ದ ಶುದ್ಧ ಡೀಸೆಲ್ ತಂದು, ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಲ್ಲಿ ಬಿಚ್ಚಿ, ಆ ಜಾಗಕ್ಕೆ ಒಂದು ತುಂಡು ಹೋಸ್ ಹಾಕಿ ಅದರ ಇನ್ನೊಂದು ತುದಿಯನ್ನು ಕ್ಯಾನಿಗೆ ಇಳಿಸಿದರು. ಕ್ಯಾನನ್ನು ಎತ್ತರಕ್ಕೆ ಕಟ್ಟಿ ಹ್ಯಾಂಡ್ ಪಂಪ್ ಒತ್ತಿದರೆ ಸ್ವಲ್ಪ ಹೊತ್ತಿಗೆ ನೊರೆ ನಿಂತು ಡೀಸೆಲ್ ಗಟ್ಟಿಯಾಗಿ ಬಂತು. ಸ್ಕ್ರೂ ಬಿಗಿದು, ಅವರ ಬ್ಯಾಟರಿಯಿಂದ ಕೇಬಲ್ ಎಳೆದು ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಎದ್ದಿತು. ಅಲ್ಲಿಗೆ ಪಂಪು, ನಾಜಲ್, ಫಿಲ್ಟರ್ ಎಲ್ಲಕ್ಕೂ ಖುಲಾಸೆ. ದೋಷ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ ಎಂದು ಖಾತ್ರಿಯಾಯಿತು.

ಆ ಪೈಪಿನ ಉದ್ದಕ್ಕೂ ಒಂದು ತೊಟ್ಟು ಡೀಸೆಲ್ ಸೋರಿದ ಗುರುತಿರಲಿಲ್ಲ. ಇಂಥ ಕಡೆ ಮೆಕ್ಯಾನಿಕ್‌ಗಳೂ ದಾರಿ ತಪ್ಪುತ್ತಾರೆ. ಫೀಡ್ ಪಂಪಿನಿಂದ ಮುಂದಕ್ಕೆ ಡೀಸೆಲ್ ಒತ್ತಡದಲ್ಲಿ ಹೋಗುತ್ತದೆ, ತೂತಿದ್ದರೆ ಹೊರಕ್ಕೆ ಸೋರುತ್ತದೆ. ಅದರ ಹಿಂದಿನದು ಎಳೆಯುವ ಕಡೆ. ಎಳನೀರಿಗೆ ಹಾಕಿದ ಸ್ಟ್ರಾ ಮೇಲುಗಡೆ ಸೀಳಿದ್ದರೆ ಎಷ್ಟು ಹೀರಿದರೂ ಗಾಳಿಯೇ ಬಾಯಿಗೆ ಬರುವ ಹಾಗೆ, ಇಲ್ಲಿ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಚಾಸಿಗೆ ಉಜ್ಜಿ ಉಜ್ಜಿ ರಬ್ಬರ್ ಹೋಸ್ ಕ್ಲಿಪ್ಪಿನ ಪಕ್ಕದಲ್ಲೇ ಸೀಳಿತ್ತು. ಬಗ್ಗಿಸಿದಾಗ ಮಾತ್ರ ಕೂದಲೆಳೆಯಷ್ಟು ಬಾಯಿ ಬಿಡುತ್ತಿತ್ತು. ಏರಿನಲ್ಲಿ ಲೋಡ್ ಬಿದ್ದು ಇಂಜಿನ್ ಹೆಚ್ಚು ಡೀಸೆಲ್ ಕೇಳಿದಾಗ ಎಳೆತ ಜಾಸ್ತಿಯಾಗಿ ಗಾಳಿ ನುಗ್ಗಿದೆ. ಬೆಳಗ್ಗೆ ಬೆಳಗ್ಗೆ ಗಾಡಿ ತಡವಾಗಿ ಸ್ಟಾರ್ಟ್ ಆಗುತ್ತಿದ್ದದ್ದೂ ಇದರಿಂದಲೇ. ರಾತ್ರಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸು ಇಳಿಯುತ್ತಿತ್ತು. ಅದನ್ನೂ ಭಾವ ಬ್ಯಾಟರಿಯ ಲೆಕ್ಕಕ್ಕೇ ಬರೆದಿದ್ದರು.

ಹೀಗೆ ರಸ್ತೆಯಲ್ಲೇ ರೋಗ ಹಿಡಿಯಲು ಆದದ್ದು ಹಳೇ ಪಂಪಿನ ಸರಳತೆಯಿಂದ. ಬಾಷ್ ಕಂಪನಿ ಜರ್ಮನಿಯಲ್ಲಿ ಇಂಥ ಇನ್‌ಲೈನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಇಲ್ಲಿ ಆ ಪಂಪು ಮಾಡಿದ, 1951ರಲ್ಲಿ ಶುರುವಾದ ಮೈಕೊ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿತು. ಟಾಟಾ ಲಾರಿ 1954ರಲ್ಲಿ ಬೆಂಜ್ ಜೊತೆಗೂಡಿ ರಸ್ತೆಗೆ ಬಂತು. ಮೈಕೊ ಹೆಸರು 2008ರಲ್ಲಿ ಬಾಷ್ ಎಂದಾದರೂ ನಮ್ಮ ಗ್ಯಾರೇಜುಗಳಲ್ಲಿ ಅದು ಇವತ್ತಿಗೂ ಮೈಕೊ ಪಂಪೇ. ಅದರಲ್ಲಿ ಕಂಪ್ಯೂಟರ್ ಇಲ್ಲ. ಕಣ್ಣು, ಕೈ, ಒಂದು ಸ್ಪ್ಯಾನರ್ ಇದ್ದರೆ ಟ್ಯಾಂಕಿನಿಂದ ನಾಜಲ್ ತನಕ ಡೀಸೆಲ್ ಹಿಂದೆಯೇ ನಡೆದು ಹೋಗಬಹುದು.

ಹಾಗಾಗಿ, ಗಾಡಿ ನಿಂತಾಗ ಮೊದಲು ಇಂಡಿಕೇಟರ್, ಟೈರಿಗೆ ಕಲ್ಲು, ದೂರದಲ್ಲಿ ಕೆಂಪು ತ್ರಿಕೋನ. ಸೆಲ್ಫನ್ನು ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ, ಆ ಹೊತ್ತಿನಲ್ಲಿ ಒಬ್ಬರು ಹೊಗೆ ನೋಡಲಿ. ಸ್ಟಾಪ್ ಕೇಬಲ್, ಟ್ಯಾಂಕ್ ಮುಚ್ಚಳ, ಫಿಲ್ಟರಿನ ನೀರು, ಹ್ಯಾಂಡ್ ಪಂಪ್, ಈ ಕ್ರಮ ತಪ್ಪಿಸಬೇಡಿ. ಬಿಸಿಯಿದ್ದಾಗ ಮಾತ್ರ ಸ್ಟಾರ್ಟ್ ಆಗದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದ ಮೇಲೆ ಎದ್ದರೆ ಪಂಪಿನ ಎಲಿಮೆಂಟ್ ಸವೆದಿದೆ; ಅದು ಪಂಪ್ ರಿಪೇರಿಯವರ ಕೆಲಸ. ಗಾಡಿಯಲ್ಲಿ ಶುದ್ಧ ಡೀಸೆಲ್ಲಿನ ಕ್ಯಾನು, ಒಂದು ಮಾರು ಹೋಸ್, ಕ್ಲಿಪ್ಪು, ತಾಮ್ರದ ವಾಷರ್, ಟಾರ್ಚ್ ಇರಲಿ. ಅಣ್ಣ ಈಗ ಎಳೆಯುವ ಕಡೆಯ ಹೋಸನ್ನು ಪೂರ್ತಿ ಬದಲಿಸಿ, ಚಾಸಿಗೆ ತಾಗದಂತೆ ಬೇರೆ ದಾರಿಯಲ್ಲಿ ತಂದಿದ್ದಾನೆ.

ಕಾಮನ್ ರೈಲ್ ಇರುವ ಹೊಸ ಬಿಎಸ್ 6 ಗಾಡಿಗಳಿಗೆ ಈ ಪಾಠ ಹೊಂದುವುದಿಲ್ಲ. ಅವುಗಳ ಪೈಪಿನಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿರುತ್ತದೆ, ನಟ್ ಸಡಿಲಿಸಿದರೆ ಚರ್ಮ ಸೀಳಿ ಒಳಹೋಗುತ್ತದೆ. ಅಂಥ ಗಾಡಿ ನಿಂತರೆ ಸ್ಪ್ಯಾನರ್ ಮುಟ್ಟದೆ, ಸ್ಕ್ಯಾನರ್ ಇಟ್ಟ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಅವರು ಬರುವ ತನಕ ಬ್ಯಾಟರಿಯನ್ನು ಇಂಡಿಕೇಟರಿಗೆ ಬಿಡಿ.